ಲೂಯಾ ನಾಡಿನ ಅಗಲಿಕೆಯ ಹಾಡು
ಪಶ್ಚಿಮ ಕೆನ್ಯಾದ ಲೂಯಾ ಜನರಾಡುವ ಬುಕುಸು, ಮರಗೋಲಿ, ಕಿಸಾ ಮೊದಲಾದ ಉಪಭಾಷೆಗಳಿಗೆ ಏಕರೂಪದ ಬರಹವನ್ನು ಕಲ್ಪಿಸಲು 1940ರ ದಶಕದಲ್ಲಿ ನಡೆದ ಯತ್ನ ಪೂರ್ಣವಾಗಿ ಫಲಿಸದಿದ್ದರೂ, ಒಲವು, ಹಂಬಲಗಳು ಬರಹಕ್ಕಿಂತ ಹಾಡನ್ನೇ ಹೆಚ್ಚಾಗಿ ಆಶ್ರಯಿಸಿದ್ದರಿಂದ ಅವುಗಳಿಗೆ ದೊಡ್ಡ ನಷ್ಟವೇನೂ ಆದಂತಿಲ್ಲ. ಬುಕುಸು ಗಾಯಕರು ಲಿಟುಂಗು ಎಂಬ ತಂತಿವಾದ್ಯವನ್ನು ಮೀಟುತ್ತ ಹಾಡುತ್ತಿದ್ದರು. ವಸಾಹತು ಆಡಳಿತವು ವಿಧಿಸಿದ ಗುಡಿಸಲು ತೆರಿಗೆಯನ್ನು, ಎಂದರೆ ಮನೆಮನೆಗೂ ಬಿದ್ದ ಕಂದಾಯವನ್ನು, ಕಟ್ಟಲು ಗಂಡಸರು ದೂರದ ತೋಟಗಳಿಗೂ ಪಟ್ಟಣಗಳಿಗೂ ಕೂಲಿಗೆ ಹೊರಟ ಮೇಲೆ ಅಗಲಿಕೆ ನಿತ್ಯದ ಸಂಗತಿಯಾಯಿತು. 1950ರ ದಶಕದಲ್ಲಿ ಕಿಸಾ ಸಮುದಾಯದ ಜಾರ್ಜ್ ಮುಕಾಬಿ, ಸೋಡಾ ಬಾಟಲಿಯ ಸದ್ದಿನಿಂದ ತಾಳ ಹಿಡಿಯುವ ಒಮುಟಿಬೊ ಎಂಬ ಗಿಟಾರ್ ಶೈಲಿಯನ್ನು ಜನಪ್ರಿಯಗೊಳಿಸಿದನು. ಆದರೆ ಆತನ ಪ್ರಸಿದ್ಧ ಪ್ರೇಮಗೀತೆ ‘ಸೆಂಗುಲಾ ನಕುಪೆಂಡಾ’ ಇರುವುದು ಸ್ವಾಹಿಲಿಯಲ್ಲಿ, ಬಹುಶಃ ಧ್ವನಿಮುದ್ರಿಕೆಗಳ ಮಾರುಕಟ್ಟೆ ಲೂಯಾ ನಾಡಿನಾಚೆಗೂ ಹಬ್ಬಿದ್ದುದರಿಂದ.