ಎಣ್ಣೆ, ನಿಂಬೆರಸ ಕುಡಿದರೆ ಪಿತ್ತಕೋಶದ ಕಲ್ಲು ಹೊರಬೀಳುತ್ತದೆಯೇ?

ರಾತ್ರಿ ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಬೆಳಿಗ್ಗೆ ಪಿತ್ತಕೋಶದ ಕಲ್ಲು ಹೊರಬೀಳುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವಲ್ಲ.

ಚೌಳಹಿರಿಯೂರಿನ ಕಡೆಯ ಊಟವನ್ನೇ ನೋಡೋಣ: ರಾಗಿ ಮುದ್ದೆ, ಕಾಯಿ ಹಾಕಿದ ಸಾರು. ಲಿವರ್ ತಯಾರಿಸಿದ ಪಿತ್ತರಸ ಪಿತ್ತಕೋಶದಲ್ಲಿ ಶೇಖರವಾಗಿ, ಊಟವಾದಾಗ ಕರುಳಿಗಿಳಿದು ಕಾಯಿಯ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಮೇದೋಜೀರಕ ಗ್ರಂಥಿಯ ಕಿಣ್ವಗಳು ಆ ಕೊಬ್ಬನ್ನೂ ರಾಗಿಯ ಪಿಷ್ಟವನ್ನೂ ಜೀರ್ಣಿಸುತ್ತವೆ. ಎರಡೂ ರಸಗಳು ಸಾಮಾನ್ಯವಾಗಿ ಒಂದೇ ದ್ವಾರದಿಂದ ಸಣ್ಣ ಕರುಳು ಸೇರುತ್ತವೆ. ಅಲ್ಲಿ ಕಲ್ಲು ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಮೇದೋಜೀರಕವೂ ಊದಿಕೊಳ್ಳಬಹುದು.

ಹಾಗಾದರೆ ಬೆಳಿಗ್ಗೆ ಬೀಳುವ ಹಸಿರು ಉಂಡೆಗಳೇನು? 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇಂಥದೊಂದು ಪ್ರಕರಣ ಪ್ರಕಟಿಸಿತು. ಪರೀಕ್ಷಿಸಿದಾಗ ಅವು ಕುಡಿದ ಎಣ್ಣೆಯಿಂದಲೇ ಹೊಟ್ಟೆಯೊಳಗೆ ಆದ ಸಾಬೂನಿನಂಥ ಉಂಡೆಗಳು! ಆ ಮಹಿಳೆಯ ಕಲ್ಲುಗಳನ್ನು ಕೊನೆಗೆ ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಯಿತು.

ಮೇಲ್ಹೊಟ್ಟೆಯಲ್ಲಿ ತೀವ್ರ ನೋವು, ಜ್ವರ, ಕಣ್ಣು ಹಳದಿಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಾವು ಹೇಳುವುದಿಷ್ಟೇ: ಆ ಫಾರ್ವರ್ಡ್ ನಿಮ್ಮಲ್ಲೇ ನಿಲ್ಲಲಿ.