ಮಾರಿ ಮ್ಯಾಲಿನ ಕಳೆ ಮತ್ತು ಸರ್ಪಗಂಧದ ಬೇರು

ನಮ್ಮ ಕೊಡೇಕಲ್ ಕಡೆ ಯಾರಾದ್ರೂ ನಗೋದು ಬಿಟ್ರೆ "ಮಾರಿ ಮ್ಯಾಲ ಕಳಾನೇ ಇಲ್ನೋಡು" ಅಂತಾರೆ. ಮನಸ್ಸಿಗೆ ಬ್ಯಾಸರಾಗಿದೆ, ಇಲ್ಲಾ ಸೊಕ್ಕು ಬಂದಿದೆ ಅಂತ ಲೆಕ್ಕ. ಆದ್ರೆ ಕೆಲವೊಮ್ಮೆ ಮನಸ್ಸು ನಗ್ತಾ ಇರುತ್ತೆ, ಮುಖ ಮಾತ್ರ ನಗೋಲ್ಲ. ನುಂಗೋ ಗುಳಿಗೆಯೂ ಅದಕ್ಕೆ ಕಾರಣ ಆಗಿರಬಹುದು. ಇದು ಜಗತ್ತಿಗೆ ತಿಳಿದ ಕಥೆಯಲ್ಲಿ ನಮ್ಮ ದೇಶದ ಒಂದು ಬೇರಿಗೂ ಪಾತ್ರ ಇದೆ.

ಆ ಬೇರು ಸರ್ಪಗಂಧದ್ದು. ಇದು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದು ಅಂತ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದ ಮೇಲೆ ಹೊರದೇಶದವರ ಕಣ್ಣೂ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ಇದರಿಂದ ರಿಸರ್ಪಿನ್ ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಿಲೇ ಮತ್ತು ಡೆನಿಕೆರ್ ಮನೋರೋಗಿಗಳಿಗೆ ಕ್ಲೋರ್‌ಪ್ರೋಮಝೀನ್ ಕೊಟ್ಟು ನೋಡಿದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಕೊಳೆಯುತ್ತಿದ್ದ ಎಷ್ಟೋ ಜನ ಮನೆಗೆ ಹೋಗುವಂತಾಯ್ತು.

ಆದ್ರೆ 1954ರಲ್ಲಿ ಲೊಸಾನ್ ಊರಿನ ಹಾನ್ಸ್ ಸ್ಟೆಕ್ ಒಂದು ವಿಚಿತ್ರ ಗಮನಿಸಿದರು. ಎರಡೂ ಔಷಧಿ ಬೇರೆ ಬೇರೆ, ಆದ್ರೂ ಎರಡನ್ನು ತಗೊಂಡವರಲ್ಲೂ ಪಾರ್ಕಿನ್ಸನ್ ಕಾಯಿಲೆಯಂಥದ್ದೇ ಲಕ್ಷಣ! ಮುಖ ಮುಖವಾಡದ ಹಾಗೆ ಬಿಗಿ, ನಡಿಗೆ ನಿಧಾನ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟು ಮಂಕಾಗಿಸಿದ ಮೊಲಗಳಿಗೆ ಡೋಪಾ ಚುಚ್ಚಿದರು, ಅವು ಎದ್ದು ಓಡಾಡಿದವು. ಮಿದುಳಿನ ಡೋಪಮಿನ್ ಕಡಿಮೆಯಾದ್ರೆ ಚಲನೆಯೂ ಕುಂದುತ್ತೆ ಅನ್ನೋ ಸುಳಿವು ಅಲ್ಲಿ ಸಿಕ್ಕಿತು. ರಿಸರ್ಪಿನ್ ಡೋಪಮಿನ್ ಖಾಲಿ ಮಾಡುತ್ತೆ, ಕ್ಲೋರ್‌ಪ್ರೋಮಝೀನ್ ಅದರ ದಾರಿಗೆ ಅಡ್ಡ ನಿಲ್ಲುತ್ತೆ. ಫಲಿತಾಂಶ ಒಂದೇ. 2000ದಲ್ಲಿ ಕಾರ್ಲ್‌ಸನ್ನರಿಗೆ ನೊಬೆಲ್ ಬಂತು. ಇನ್ನೊಂದು ತಮಾಷೆ ಅಂದ್ರೆ, ಆ ಡೋಪಾ ನಮ್ಮ ಹೊಲದ ಬದುವಿನ ನಸುಗುನ್ನಿ ಬೀಜದಲ್ಲೂ ಇದೆ.

ನಮ್ಮ ಕಡೆಗೆ ಬಂದ್ರೆ, 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನ ಹಳ್ಳಿಗೆ ತಂದರು. ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಅದೇ ಮಾದರಿ ಆಯ್ತು. ಔಷಧಿ ಹಳ್ಳಿ ಮುಟ್ಟಿತು. ಅದರ ಅಡ್ಡಪರಿಣಾಮದ ತಿಳಿವಳಿಕೆ ಅಷ್ಟೇ ವೇಗವಾಗಿ ಮುಟ್ಟಬೇಕಲ್ವಾ? "ಗುಳಿಗಿ ತಗೊಂಡು ಮನಷ್ಯಾ ಕಲ್ಲಾದ" ಅಂತ ಮನೆಯವರು ಔಷಧಿ ನಿಲ್ಲಿಸಿಬಿಟ್ರೆ ಹಳೇ ಕಾಯಿಲೆ ಮತ್ತೆ ಬರೋ ಅಪಾಯ ಇದೆ. ಮುಖ ಬಿಗಿಯಾಗೋದು ಖಿನ್ನತೆಯಿಂದಲೋ ಮೂಲ ಕಾಯಿಲೆಯಿಂದಲೋ ಆಗಿರಲೂಬಹುದು. ವಾಂತಿಗೆ ಕೊಡೋ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡೋ ಸಿನ್ನರಿಝೀನ್ ಕೂಡ ಹೀಗೆ ಮಾಡಬಹುದು. ಹಾಗಾಗಿ ತಗೊಳ್ತಿರೋ ಎಲ್ಲಾ ಗುಳಿಗೆಗಳನ್ನೂ ಡಾಕ್ಟರ ಮುಂದೆ ಇಡೋದು ಒಳ್ಳೇದು. ಪ್ರಮಾಣ ಇಳಿಸೋದೋ, ಬೇರೆ ಗುಳಿಗೆ ಕೊಡೋದೋ ಅವರು ನೋಡ್ತಾರೆ. ಸಾಮಾನ್ಯವಾಗಿ ಇದು ಸರಿಹೋಗುತ್ತೆ, ಆದ್ರೆ ವಾರಗಳೋ ತಿಂಗಳುಗಳೋ ಹಿಡಿಯಬಹುದು.

ಅಲ್ಲೀ ತನಕ ಮುಖ ಹೇಳದ್ದನ್ನ ಬಾಯಿಂದ ಹೇಳಬೇಕು. "ಸಿಟ್ಟಿಲ್ಲಪ, ಗುಳಿಗಿಯಿಂದ ಹಿಂಗ ಆಗ್ಯದ" ಅಂದ್ರೆ ಸಾಕು. ಎದುರಿಗಿದ್ದವರು ಅದನ್ನ ನಂಬಬೇಕು, ಅಷ್ಟೇ.