ಕೃಷ್ಣಾತೀರದ ಕಬ್ಬು: ಉಗಾರ ಖುರ್ದದ ನೀರು–ಸಕ್ಕರೆಯ ಚರಿತ್ರೆ

ಹಿಂದೆ ಅಥಣಿ ತಾಲೂಕಿನಲ್ಲಿದ್ದು ಈಗ ಕಾಗವಾಡ ತಾಲೂಕಿಗೆ ಸೇರಿರುವ ಉಗಾರ ಖುರ್ದ, ಕೃಷ್ಣಾತೀರದ ಎರೆಭೂಮಿಯ ಊರು. 1932ರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯ್ದೆಯ ತರುವಾಯ ದೇಶದಾದ್ಯಂತ ಕಾರ್ಖಾನೆಗಳು ತಲೆಯೆತ್ತಿದ ಕಾಲದಲ್ಲಿ, 1939ರಲ್ಲಿ, ಇಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಗೊಂಡಿತು. ಈ ಪ್ರದೇಶದ ಆರ್ಥಿಕ ಚರಿತ್ರೆಯನ್ನು ಬಂಡವಾಳ, ಯಂತ್ರ, ದರಗಳ ನೆಲೆಯಿಂದ ವಿವೇಚಿಸುವುದು ರೂಢಿ. ಆದರೆ ಸಕ್ಕರೆ ಹುಟ್ಟುವುದು ಕಬ್ಬಿನ ಎಲೆಯಲ್ಲಿ. ಕಾರ್ಖಾನೆ ಅದನ್ನು ರಸದಿಂದ ಬೇರ್ಪಡಿಸುತ್ತದೆ ಅಷ್ಟೆ. ಆದುದರಿಂದ ಸಸ್ಯದೊಳಗಿನ ಸಾಗಾಟವೂ ಈ ಚರಿತ್ರೆಯ ಒಂದು ಅಂಗವೇ ಆಗಿದೆ.

ಎಲೆಯಿಂದ ನೀರು ಆವಿಯಾದಂತೆ ಉಂಟಾಗುವ ಸೆಳೆತವು ಬೇರಿನ ನೀರನ್ನು ಕ್ಸೈಲಮ್ ನಾಳಗಳಲ್ಲಿ ಮೇಲಕ್ಕೆಳೆಯುತ್ತದೆಂದು ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಪ್ರತಿಪಾದಿಸಿದರು. ಎಲೆಯ ಸಕ್ಕರೆಯು ಫ್ಲೋಯಮ್ ಮೂಲಕ ಒತ್ತಡದ ವ್ಯತ್ಯಾಸದಿಂದ ಹರಿಯುತ್ತದೆಂಬ ವಾದವನ್ನು ಮ್ಯೂಂಕ್ 1930ರಲ್ಲಿ ಮಂಡಿಸಿದರು. ಪತ್ರರಂಧ್ರ ತೆರೆದರೆ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ನೀರು ಹೊರಹೋಗುತ್ತದೆ. ಮುಚ್ಚಿದರೆ ಎರಡೂ ನಿಲ್ಲುತ್ತವೆ. 1965–66ರಲ್ಲಿ ಹವಾಯಿ ಹಾಗೂ ಕ್ವೀನ್ಸ್‌ಲ್ಯಾಂಡ್‌ಗಳಲ್ಲಿ ಕಬ್ಬಿನ ಮೇಲೆಯೇ ನಡೆದ ಸಂಶೋಧನೆಗಳಿಂದ ಸಿ4 ಮಾರ್ಗ ಬೆಳಕಿಗೆ ಬಂದಿತು. ಈ ಮಾರ್ಗವುಳ್ಳ ಸಸ್ಯ ರಂಧ್ರಗಳನ್ನು ಕಿರಿದಾಗಿಸಿಕೊಂಡೂ ಆಹಾರ ತಯಾರಿಸಬಲ್ಲದು. ಆದರೂ ವರ್ಷವಿಡೀ ಹೊಲದಲ್ಲಿ ನಿಲ್ಲುವ ಕಬ್ಬಿನ ಒಟ್ಟು ನೀರಿನ ಬೇಡಿಕೆ ದೊಡ್ಡದೇ.

1912ರಲ್ಲಿ ಆರಂಭವಾದ ಕೊಯಮತ್ತೂರಿನ ತಳಿ ಸಂವರ್ಧನಾ ಕೇಂದ್ರದಿಂದ ಬಂದ ಕೋ 419, ಬಹುಕಾಲದ ಬಳಿಕ 2000ದಲ್ಲಿ ಬಿಡುಗಡೆಯಾದ ಕೋ 86032 ಮೊದಲಾದ ತಳಿಗಳು ದಕ್ಷಿಣ ಭಾರತದ ಕಬ್ಬಿನ ಬೇಸಾಯವನ್ನೇ ಬದಲಿಸಿದವು. ತಳಿ ಯಾವುದಾದರೂ ಪಕ್ವತೆಯ ನಿಯಮ ಒಂದೇ. ಕಟಾವಿಗೆ ಮುನ್ನ ನೀರು ಕಡಿಮೆಮಾಡಿದಾಗ ಗಿಡದ ಬೆಳವಣಿಗೆ ಮೊದಲು ಕುಂಠಿತವಾಗುತ್ತದೆ. ಬೆಳವಣಿಗೆಗೆ ವ್ಯಯವಾಗದ ಸಕ್ಕರೆ ಗಣಿಕೆಗಳಲ್ಲಿ ಶೇಖರವಾಗುತ್ತದೆ. ಕಡಿದ ಕಬ್ಬು ಒಣಗುತ್ತ ಬಿದ್ದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗುತ್ತದೆ. ಕಾರ್ಖಾನೆಯು ಹೊಲಗಳ ನಡುವೆಯೇ ಇರಬೇಕಾದುದಕ್ಕೆ ಇದೊಂದು ಕಾರಣ.

ರೈತ–ಕಾರ್ಖಾನೆಗಳ ಹಿತಾಸಕ್ತಿ ಕವಲೊಡೆಯುವುದೂ ಇಲ್ಲಿಯೇ. 2009–10ರ ಹಂಗಾಮಿನಿಂದ ಜಾರಿಗೆ ಬಂದ ನ್ಯಾಯ ಮತ್ತು ಲಾಭದಾಯಕ ದರಕ್ಕೆ ಸಕ್ಕರೆ ಇಳುವರಿಯೇ ಆಧಾರ. ಮೂಲ ಇಳುವರಿ ಆಗ ಶೇ. 9.5 ಇದ್ದುದು 2018–19ರಲ್ಲಿ ಶೇ. 10ಕ್ಕೂ 2022–23ರಲ್ಲಿ ಶೇ. 10.25ಕ್ಕೂ ಏರಿತು. ಆದರೆ ಲೆಕ್ಕಕ್ಕೆ ಬರುವುದು ಕಾರ್ಖಾನೆಯ ಸರಾಸರಿ ಇಳುವರಿ. ರೈತನ ಕೈಸೇರುವ ಹಣ ಅವನ ಕಬ್ಬಿನ ತೂಕವನ್ನು ಅವಲಂಬಿಸಿದೆ. ನೀರು ನಿಲ್ಲಿಸಿ ಸಿಹಿ ಹೆಚ್ಚಿಸಿದವನಿಗೆ ತೂಕದ ನಷ್ಟವೇ ಉಳಿದರೆ, ಅವನು ನೀರು ಹಾಯಿಸುವುದನ್ನು ಅವಿವೇಕವೆನ್ನಲಾಗದು.

ಆ ನೀರಿನ ಬೆಲೆಯನ್ನು ತೆತ್ತದ್ದು ಮಣ್ಣು. ಅತಿಯಾದ ನೀರಾವರಿಯಿಂದ ಕೃಷ್ಣಾತೀರದ ಎರೆಭೂಮಿ ಹಲವೆಡೆ ಸವಳು–ಜವಳಾಯಿತು. ಮಣ್ಣಿನ ಲವಣ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇರಿಗೆ ಅದು ಸುಲಭವಾಗಿ ದಕ್ಕದು. ಜವಳಿನಲ್ಲಿ ಆಮ್ಲಜನಕವಿಲ್ಲದೆ ಬೇರು ಸೋಲುತ್ತದೆ; 2019ರ ಆಗಸ್ಟ್‌ನ ಮಹಾಪೂರದಲ್ಲಿ ಮುಳುಗಿದ ಬೆಳೆಗೆ ಒದಗಿದ್ದೂ ಇದೇ ಸಂಕಟ. ನೀರಿನಲ್ಲಿ ನಿಂತೇ ಬಾಡುವ ಕಬ್ಬು, ಈ ನಾಡಿನ ಸಮೃದ್ಧಿಯ ಚರಿತ್ರೆಗೆ ಅಂಟಿಕೊಂಡೇ ಬಂದ ಇನ್ನೊಂದು ಅಧ್ಯಾಯವಾಗಿದೆ.